ಕನ್ನಡಿ ಆಮೇಲೆ, ಮೊದಲು ಅಳತೆ: ಫ್ರೇಮ್ ಸೈಜಿನ ನನ್ನ ಅನುಭವ

ಕುಮಟಾದಲ್ಲಿ ಕನ್ನಡಕದ ಅಂಗಡಿ ಇಟ್ಟು ಹದಿನೈದು ವರ್ಷದ ಮೇಲಾಯ್ತು. ಮೊದಲ ಏಳೆಂಟು ವರ್ಷ ನಾನೂ ಗಿರಾಕಿ ಕೈಗೆ ಕನ್ನಡಿ ಕೊಟ್ಟು, ಚೆಂದ ಕಂಡದ್ದನ್ನು ಆರಿಸಿ ಅನ್ನುತ್ತಿದ್ದೆ. ಈಗ ಕನ್ನಡಿ ಕೊಡುವುದು ಎಲ್ಲ ಮುಗಿದ ಮೇಲೆ.

ಬದಲಾಯಿಸಿದ್ದು ಒಬ್ಬ ಶಾಲೆಯ ಅಕ್ಕೋರು. ಪವರ್ ಮೈನಸ್ 6, ಪಿಡಿ, ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ, 58 ಮಿಲಿಮೀಟರ್. ಆರಿಸಿದ್ದು 54-18ರ ದೊಡ್ಡ ಫ್ರೇಮ್: ಒಂದು ಗ್ಲಾಸಿನ ಅಗಲ 54, ಮೂಗಿನ ಮೇಲಿನ ಬ್ರಿಜ್ 18. ಕೂಡಿದರೆ 72, ಪಿಡಿಗಿಂತ 14 ಜಾಸ್ತಿ, ಅಂದರೆ ಗ್ಲಾಸಿನ ಸೆಂಟರ್ ಪಾಪೆಯ ಎದುರು ಬರಲು ಒಂದೊಂದು ಕಣ್ಣಿಗೆ 7 ಮಿಲಿಮೀಟರ್ ಒಳಗೆ ಸರಿಸಬೇಕು. 70 ಮಿಲಿಮೀಟರಿನ ಬ್ಲ್ಯಾಂಕ್, ಅಂದರೆ ಕತ್ತರಿಸುವ ಮೊದಲಿನ ದುಂಡು ಗ್ಲಾಸ್, ಸಾಲಲಿಲ್ಲ. ಕಿವಿ ಕಡೆಯ ಮೂಲೆಯಲ್ಲಿ ಉಗುರಿನಷ್ಟು ಸಂದು ಉಳಿಯಿತು. ಅದನ್ನು ಮುಚ್ಚಲು ಸೆಂಟರನ್ನು ಮೂರು ಮಿಲಿಮೀಟರ್ ಹೊರಗೆ ಬಿಟ್ಟೆ. ಮೂರನೇ ದಿನ ಅಕ್ಕೋರು ತಲೆ ಹಿಡಿದುಕೊಂಡೇ ಬಂದರು. ಗ್ಲಾಸ್ ಹೋಯ್ತು, ಸುಮಾರು 1,800 ರೂಪಾಯಿ. ಆ ವರ್ಷ ಹೀಗೆ ಮತ್ತೆ ಮಾಡಿಕೊಟ್ಟದ್ದೇ ಇಪ್ಪತ್ತು ಜೋಡಿ ಇರಬೇಕು. ಮೂವತ್ತು ಸಾವಿರದ ಮೇಲೆ ನೀರಿಗೆ ಹಾಕಿದಂತೆ.

ಮತ್ತೆ ಕೊಟ್ಟದ್ದು 46-18. ಕೂಡಿದರೆ 64, ಸರಿಸುವುದು ಮೂರೇ. ಅಂಚು ಎಷ್ಟು ತೆಳುವಾಯ್ತೆಂದರೆ ಅಕ್ಕೋರು ಪವರ್ ಇಳಿಸಿದಿರಾ ಎಂದು ಕೇಳಿದರು!

ಮಾಲು ತರುವ ಹುಡುಗ ನಂಬಲಿಲ್ಲ. "46 ಮಕ್ಕಳ ಸೈಜು, ದೊಡ್ಡವರು ಯಾರು ತಗೋತಾರೆ?" ಅಂದ. ಹಟ ಹಿಡಿದು ಮೂವತ್ತು ತರಿಸಿದೆ. ಮೊದಲ ಲಾಟಿನಲ್ಲಿ ಅರ್ಧ ಹಾಗೇ ಉಳಿದವು, ಅದು ಖರೆ. ಗ್ಲಾಸ್ ಸಣ್ಣದಿದ್ದರೂ ಕೀಲಿನ ಕಡೆ ಅಗಲ ಇರಬೇಕು, ಇಲ್ಲದಿದ್ದರೆ ಕಿವಿಗೆ ಹೋಗುವ ಕಡ್ಡಿ ಕಣತಲೆಗೆ ಒತ್ತುತ್ತದೆ. ಇದು ಹೊಳೆಯಲು ಆರು ತಿಂಗಳು ಹಿಡಿಯಿತು. ಎರಡನೇ ಲಾಟು ದೀಪಾವಳಿಗೆ ಮೊದಲೇ ಖಾಲಿ.

ಕಣತಲೆಯಿಂದ ಕಣತಲೆಗೆ ಅಗಲ ನೋಡುವುದು ಹಳೇ ವರ್ನಿಯರ್‌ನಿಂದ. ತುದಿಗೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ, ಚುಚ್ಚುವುದಿಲ್ಲ. ಕೀಲಿನಿಂದ ಕೀಲಿಗೆ ಫ್ರೇಮ್ ಅದಕ್ಕಿಂತ ಎರಡು-ಮೂರು ಮಿಲಿಮೀಟರ್ ಜಾಸ್ತಿ ಇದ್ದರೆ ಸಾಕು. ಪವರ್ 4 ದಾಟಿದರೆ ಫ್ರೇಮಿನ ಕೂಡಿದ ಲೆಕ್ಕಕ್ಕೂ ಪಿಡಿಗೂ 6ಕ್ಕಿಂತ ಜಾಸ್ತಿ ಅಂತರ ಬಿಡುವುದೇ ಇಲ್ಲ. ಗಿರಾಕಿ ಸಿಟ್ಟಾದರೂ ಸರಿ. ಕಡ್ಡಿಯ ಉದ್ದಕ್ಕೆ ಅವರ ಹಳೇ ಕನ್ನಡಕವೇ ಅಳತೆ.

ಮೂಗಿನದ್ದು ಬೇರೆಯೇ ಕಥೆ. ಹಾಕಿಕೊಂಡು ನಗಲು ಹೇಳುತ್ತೇನೆ, ಆಮೇಲೆ ಅಡಿಕೆ ಹೆಕ್ಕುವ ಹಾಗೆ ಬಗ್ಗಲು. ಕೆನ್ನೆ ಫ್ರೇಮನ್ನು ಎತ್ತಿದರೆ ಅದು ಬೇಡ. ಬಗ್ಗಿದಾಗ ಜಾರಿದರೆ ಬ್ರಿಜ್ ದೊಡ್ಡದು. ಶಿರಸಿ ಕಡೆಯ ತೋಟದವರು ಇದಕ್ಕೇ ಘಟ್ಟ ಇಳಿದು ಬರುತ್ತಾರೆ. ಶೀಟ್ ಫ್ರೇಮಿನ (ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಮಾಡಿದ್ದು) ಬ್ರಿಜ್ ಅನ್ನು ಒಂದು ಮಿಲಿಮೀಟರ್ ಕಿರಿದು ಮಾಡುವ ದಾರಿಯೂ ನನ್ನ ಹತ್ತಿರ ಇದೆ. ನಾಲ್ಕು ಫ್ರೇಮ್ ಸುಟ್ಟು ಕಲಿತದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ನೋಡಿದೆ. ಒಂದು ಮಳೆಗಾಲ ಪೂರ್ತಿ ಹಿತ್ತಿಲ ಜಗಲಿಯಲ್ಲಿ ಮೂರು ಫ್ರೇಮ್ ನೇತುಹಾಕಿದ್ದೆ. ಕಡಿಮೆ ರೇಟಿನ ಮೆಟಲ್ ಫ್ರೇಮಿನ ಮೂಗಿನ ಪ್ಯಾಡ್ ಬುಡದಲ್ಲಿ ಆಗಸ್ಟಿಗೇ ಹಸಿರು ಕಿಲುಬು. ಟೈಟಾನಿಯಂಗೆ ಏನೂ ಆಗಲಿಲ್ಲ. ಟಿಆರ್ ಅನ್ನುವ ಬಾಗುವ ಪ್ಲಾಸ್ಟಿಕ್ ಫ್ರೇಮಿನಲ್ಲಿ ಸ್ಕ್ರೂ ಮಾತ್ರ ತುಕ್ಕು ಹಿಡಿಯಿತು. ಈಗ ಮೀನುಪೇಟೆಯವರಿಗೆ ಟಿಆರ್ ಕೊಟ್ಟು, ಸ್ಕ್ರೂ ತಲೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಾಕುತ್ತೇನೆ. ಒಂದು ಬಾಟಲಿ ವರ್ಷ ಬರುತ್ತದೆ.