ಹೋಮ್‌ಸ್ಟೇ ಮೇಲ್ ಕಂಪ್ನಿ ಐಡಿಗಳಲ್ಲಿ ಸ್ಪ್ಯಾಮಿಗೆ ಹೋಗ್ತಿತ್ತು, ಕಾರಣ ಡೊಮೇನ್ ಹೆಸರು: ನನ್ನ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರಿಲಿ ಸ್ವಲ್ಪ ಒಳಗಡೆ ಒಂದು ಹೋಮ್‌ಸ್ಟೇ ಇದೆ, ಅವ್ರ ವೆಬ್‌ಸೈಟು, ಮೇಲು ಎಲ್ಲ ಶಿವಮೊಗ್ಗದಲ್ಲಿ ಕೂತು ನಾನೇ ನೋಡ್ಕೊಳ್ಳೋದು. ಮಳೆಗಾಲದಲ್ಲಿ ಆ ಕಡೆ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರೂ ಹೋಗತ್ತೆ, ಹಾಗಾಗಿ ಎಲ್ಲಿ ತಿರುಗ್ಬೇಕು, ಯಾವ ತೋಟದ ಪಕ್ಕ ಇಳೀಬೇಕು ಅನ್ನೋದೆಲ್ಲ ಬುಕಿಂಗ್ ಕನ್ಫರ್ಮ್ ಮೇಲಲ್ಲೇ ಬರೆದಿರ್ತಾರೆ. ಅದು ಸಿಗ್ಲಿಲ್ಲ ಅಂದ್ರೆ ಗೆಸ್ಟು ಮಕ್ಕಳು ಮರೀನ ಕಟ್ಕೊಂಡು ಕತ್ಲಲ್ಲಿ ಪರದಾಡ್ಬೇಕು, ಫೋನ್ ಮಾಡೋಣ ಅಂದ್ರೆ ನೆಟ್‌ವರ್ಕ್ ಇಲ್ಲ. "ಜೀಮೇಲ್ ಇರೋರಿಗೆ ಸರಿಯಾಗೇ ಹೋಗ್ತದೆ ಮಾರಾಯ, ಬೆಂಗ್ಳೂರಿನ ಕಂಪ್ನಿ ಐಡಿ ಕೊಟ್ಟೋರಿಗೆ ಮಾತ್ರ ಸಿಗ್ತಿಲ್ಲ" ಅಂತ ಓನರ್ ಫೋನ್ ಮಾಡಿದ್ರು.

ಮೇಲ್ ಕಳಿಸೋ ಸರ್ವರ್ ಐಪಿ (ಅದರ ಇಂಟರ್ನೆಟ್ ನಂಬರ್) ಯಾವ ಬ್ಲಾಕ್‌ಲಿಸ್ಟಲ್ಲೂ ಇರ್ಲಿಲ್ಲ, ಮೇಲ್ ನಿಜವಾಗ್ಲೂ ಆ ಡೊಮೇನಿಂದೇ ಬಂದಿದ್ದಾ ಅಂತ ನೋಡೋ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಪರೀಕ್ಷೆ ಮೂರೂ ಪಾಸ್. ಇಲ್ಲಿಗೆ ಬಂದ್ಮೇಲೆ ತುಂಬಾ ಜನ ಹೋಸ್ಟಿಂಗ್ ಬದಲಾಯಿಸಿಬಿಡ್ತಾರೆ, ಅದು ದುಡ್ಡು ದಂಡ, ಯಾಕಂದ್ರೆ ಸ್ಪ್ಯಾಮ್ ಫಿಲ್ಟರು, ಮೇಲ್ ಕಳಿಸಿದ ಸರ್ವರ್ ಐಪಿ ಒಂದನ್ನೇ ನೋಡಲ್ಲ, ಮೇಲ್ ಒಳಗೆ ಬರೆದಿರೋ ಪ್ರತಿ ಲಿಂಕಿನ ಡೊಮೇನ್ ಹೆಸರನ್ನೂ ಬೇರೆ ಪಟ್ಟಿಗಳಲ್ಲಿ ಹುಡುಕತ್ತೆ. ಸ್ಪ್ಯಾಮ್‌ಹೌಸ್ ಅನ್ನೋ ಸಂಸ್ಥೆಯ ಡಿಬಿಎಲ್, ಸರ್ಬಲ್, ಯುಆರ್‌ಐಬಿಎಲ್ ಇವೆಲ್ಲ ಡೊಮೇನ್ ಹೆಸರಿನ ಪಟ್ಟಿಗಳೇ. ಹೆಸರೇ ಅಲ್ಲಿದ್ರೆ ನೀವು ಯಾವ ಸರ್ವರಿಂದ ಕಳಿಸಿದ್ರೂ ಕಥೆ ಅದೇ.

ಅದನ್ನ ಖಚಿತ ಮಾಡ್ಕೊಳ್ಳೋಕೆ ಬೆಂಗ್ಳೂರಿನ ಒಬ್ರು ಗೆಸ್ಟ್ ಸಹಾಯ ಮಾಡಿದ್ರು, ಪುಣ್ಯಾತ್ಮ. ಮೊದ್ಲು ಹೋಮ್‌ಸ್ಟೇ ಸರ್ವರಿಂದಲೇ, ಆದ್ರೆ ಫ್ರಮ್ ವಿಳಾಸ ನನ್ನ ಇನ್ನೊಂದು ಡೊಮೇನಿಂದು ಇಟ್ಟು, ಸಿಗ್ನೇಚರ್ (ಮೇಲ್ ಕೊನೇಲಿ ಬರೋ ಹೆಸರು, ಲಿಂಕು) ಪೂರ್ತಿ ತೆಗ್ದು ಬರೀ ಎರಡು ಸಾಲು ಕಳಿಸ್ದೆ, ಇನ್‌ಬಾಕ್ಸಿಗೇ ಹೋಯ್ತು. ಆಮೇಲೆ ನನ್ನ ಸ್ವಂತ ಜೀಮೇಲಿಂದ, ಸರ್ವರಿಗೆ ಏನೇನೂ ಸಂಬಂಧ ಇಲ್ದೆ, ವೆಬ್‌ಸೈಟ್ ಹೆಸರು ಒಂದನ್ನೇ ಬರೆದು ಕಳಿಸ್ದೆ, ಅದು ಸೀದಾ ಸ್ಪ್ಯಾಮಿಗೆ. ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾಗಿಲ್ಲ. ಸ್ಪ್ಯಾಮಿಗೆ ಹೋದ ಆ ಮೇಲ್‌ನ ಪೂರ್ತಿ ಹೆಡರ್ (ಮೇಲ್ ಜೊತೆ ಬರೋ ತಾಂತ್ರಿಕ ವಿವರ) ಅವ್ರು ಕಾಪಿ ಮಾಡಿ ಕಳಿಸಿದ್ರು, ಅವ್ರ ಕಂಪ್ನಿಲಿ ಇದ್ದಿದ್ದು ಸ್ಪ್ಯಾಮ್‌ಅಸಾಸಿನ್ ಅನ್ನೋ ಫಿಲ್ಟರ್, ಅದು ಸಿಕ್ಕಿಬಿದ್ದ ರೂಲಿಗೆಲ್ಲ ಅಂಕ ಹಾಕತ್ತೆ, ಮಾಮೂಲಿ 5 ಅಂಕ ಮುಟ್ಟಿದ್ರೆ ಸ್ಪ್ಯಾಮ್, ಎಕ್ಸ್-ಸ್ಪ್ಯಾಮ್-ಸ್ಟೇಟಸ್ ಅನ್ನೋ ಸಾಲಲ್ಲಿ ಯಾವ್ಯಾವ ರೂಲಿಗೆ ಮೇಲ್ ಸಿಕ್ಕಿಬಿತ್ತು ಅಂತ ಹೆಸರು ಸಮೇತ ಬರೆದಿರತ್ತೆ. ಡಿಬಿಎಲ್ ರೂಲು, ಸರ್ಬಲ್ ರೂಲು ಎರಡೂ ಇತ್ತು.

ಪಟ್ಟೀಲಿ ಇದೆಯಾ ಅಂತ ನೀವೇ ಡಿಗ್ ಕಮಾಂಡಲ್ಲಿ (ಡಿಎನ್‌ಎಸ್, ಅಂದ್ರೆ ಡೊಮೇನ್ ಹೆಸರಿಗೆ ಐಪಿ ಹುಡುಕಿಕೊಡೋ ವ್ಯವಸ್ಥೆನ ಕೇಳೋ ಕಮಾಂಡ್) ನೋಡೋದಾದ್ರೆ ಒಂದು ವಿಷ್ಯ ಗಮನ ಇಡಿ, ಗೂಗಲ್‌ನ 8.8.8.8 ಥರದ ಪಬ್ಲಿಕ್ ಡಿಎನ್‌ಎಸ್ ಮೂಲಕ ಡಿಬಿಎಲ್ ಕೇಳಿದ್ರೆ 127.255.255.254 ಅಂತ ಉತ್ರ ಬರತ್ತೆ, ಅದರರ್ಥ "ಈ ದಾರೀಲಿ ಕೇಳ್ಬೇಡಿ" ಅಂತ ಅಷ್ಟೇ, ಡೊಮೇನ್ ಲಿಸ್ಟ್ ಆಗಿದೆ ಅಂತಲ್ಲ. 127.0.1.2 ಬಂದ್ರೆ ಸ್ಪ್ಯಾಮ್ ಡೊಮೇನ್ ಅಂತ, 127.0.1.102 ಬಂದ್ರೆ ಒಳ್ಳೆ ಸೈಟನ್ನ ಯಾರೋ ಹ್ಯಾಕ್ ಮಾಡಿ ಬಳಸ್ಕೊಂಡಿದಾರೆ ಅಂತ. ನಮ್ದು 127.0.1.2. ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಕೊನೇ ಅಂಕಿ ನೋಡ್ದೆ ಮುಂದೆ ಹೋಗ್ಬಾರ್ದು.

ಹೋಮ್‌ಸ್ಟೇ ನಡೆಸೋರು ಯಾರಿಗೂ ಒಂದು ಸ್ಪ್ಯಾಮ್ ಕಳಿಸ್ದೋರಲ್ಲ, ಸೈಟಲ್ಲೂ ಹ್ಯಾಕ್ ಆದ ಗುರುತಿಲ್ಲ. ಹಳೇ ವೆಬ್ ಪುಟಗಳನ್ನ ಉಳಿಸಿಡೋ ವೇಬ್ಯಾಕ್ ಮಷೀನ್ ಅನ್ನೋ ಸೈಟಲ್ಲಿ ಆ ಹೆಸರಿನ ಹಳೇ ಪುಟಗಳನ್ನ ತೆಗೆದು ನೋಡಿದ್ರೆ ಗೊತ್ತಾಯ್ತು, ಇವ್ರು ತಗೊಳ್ಳೋಕ್ ಮುಂಚೆ ಅದೇ ಹೆಸರು ಇನ್ಯಾರದೋ ಕೈಲಿತ್ತು, ಪುಟ ತುಂಬಾ ಅಗ್ಗದ ಮಾತ್ರೆ ಮಾರೋ ಜಾಹೀರಾತು. ಅವ್ರು ರಿನ್ಯೂ ಮಾಡ್ದೆ ಬಿಟ್ಟಿದ್ದಾರೆ, ಇವ್ರು ಚೆಂದದ ಹೆಸರು ಅಂತ ಕೊಂಡಿದ್ದಾರೆ, ಹಿಂದಿನವ್ರ ಸಾಲ ಮನೆ ಕೊಂಡವ್ರ ತಲೆಗೆ ಬಂದ ಹಾಗೆ.

ಸ್ಪ್ಯಾಮ್‌ಹೌಸ್‌ನ ಚೆಕ್ ಪುಟದಲ್ಲಿ ಡೊಮೇನ್ ಹಾಕಿ ಅಲ್ಲಿಂದಲೇ ತೆಗೆಯೋ ಅರ್ಜಿ ಕೊಟ್ವಿ, ಸರ್ಬಲ್‌ಗೂ ಪ್ರತ್ಯೇಕ. ಮಾಲೀಕರು ಬದಲಾಗಿದ್ದಾರೆ, ಈಗ ಸೈಟಲ್ಲಿ ಇರೋದು ಇದು, ಮೇಲ್ ಹೋಗೋದು ಬುಕಿಂಗ್ ಮಾಡಿದವ್ರಿಗೆ ಮಾತ್ರ, ಇಷ್ಟೇ ನೇರವಾಗಿ ಬರೀರಿ, ಜಗಳ ಬೇಡ. ಸ್ಪ್ಯಾಮ್‌ಹೌಸ್ ಇದಕ್ಕೆ ಕಾಸು ತಗೊಳ್ಳಲ್ಲ, "ದುಡ್ಡು ಕೊಡಿ ತೆಗೆಸಿಕೊಡ್ತೀವಿ" ಅನ್ನೋ ಮಧ್ಯದವ್ರನ್ನ ನಂಬ್ಬೇಡಿ. ಹೆಸರನ್ನ ಒಡೆದು "ಡಾಟ್ ಕಾಮ್" ಅಂತ ಅಕ್ಷರದಲ್ಲಿ ಬರೆಯೋ ಉಪಾಯಾನೂ ಕೆಲವ್ರು ಹೇಳ್ತಾರೆ, ನಂಗೆ ಅದು ಒಂಚೂರೂ ಇಷ್ಟ ಇಲ್ಲ, ಸ್ಪ್ಯಾಮ್ ಕಳಿಸೋರು ಮಾಡೋದೂ ಅದನ್ನೇ, ಗೆಸ್ಟಿಗೆ ಕ್ಲಿಕ್ ಮಾಡೋಕೂ ಆಗಲ್ಲ.

ಎರಡೂ ಪಟ್ಟಿಯಿಂದ ಹೆಸರು ಹೋದ್ಮೇಲೂ ಒಂದು ಕಂಪ್ನಿಲಿ ಮಾತ್ರ ಮೇಲ್ ನಿಲ್ತಾನೇ ಇತ್ತು. ಸಿಗ್ನೇಚರಲ್ಲಿ ಮ್ಯಾಪಿಗೆ ಒಂದು ಶಾರ್ಟ್ ಲಿಂಕ್ ಇತ್ತು, ಆ ಶಾರ್ಟ್ ಲಿಂಕ್ ಸೇವೆಯ ಡೊಮೇನನ್ನೇ ಆ ಕಂಪ್ನಿಯವ್ರು ತಡೆದಿದ್ರು. ಅದನ್ನ ತೆಗ್ದು ಗೂಗಲ್ ಮ್ಯಾಪಿನ ಪೂರ್ತಿ ಲಿಂಕ್ ಹಾಕಿಸ್ದೆ, ಜೊತೆಗೆ ದಾರೀನ ಮಾತಲ್ಲೂ ಬರೆಸ್ದೆ, ಅಲ್ಲಿ ಮ್ಯಾಪ್ ಹೇಗೂ ಓಪನ್ ಆಗಲ್ವಲ್ಲ.