ಪ್ರಯಾಣದಲ್ಲಿ ಲ್ಯಾಪ್‌ಟಾಪಿಗೆ ಪವರ್ ಬ್ಯಾಂಕ್: ಆಯ್ಕೆ, ಜೋಡಣೆ, ಬಳಕೆ

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮಾರ್ಗವಾಗಿ ಪಾವಗಡಕ್ಕೆ ಹೋಗಿ ಸಂಜೆ ಹಿಂದಿರುಗುವ ಸರ್ವೆ ಸಿಬ್ಬಂದಿ, ಹಳ್ಳಿಗಳ ಸಹಕಾರ ಸಂಘಗಳಿಗೆ ಲೆಕ್ಕ ತಪಾಸಣೆಗೆಂದು ಹೋಗುವವರು, ಬಂಗಾರಪೇಟೆಯಿಂದ ಬೆಂಗಳೂರಿಗೆ ನಿತ್ಯ ರೈಲಿನಲ್ಲಿ ಓಡಾಡುವ ನೌಕರರು, ಇವರೆಲ್ಲರಿಗೂ ಇರುವ ತೊಂದರೆ ಒಂದೇ: ಕೆಲಸ ಮುಗಿಯುವ ಮೊದಲೇ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುತ್ತದೆ. ಇದಕ್ಕೆಂದು ಪವರ್ ಬ್ಯಾಂಕ್ ಕೊಂಡ ಅನೇಕರು ಅದು ಲ್ಯಾಪ್‌ಟಾಪಿಗೆ ಒಗ್ಗಲಿಲ್ಲವೆಂದು ಬೇಸರಪಟ್ಟು ಕೊನೆಗೆ ಫೋನಿಗಷ್ಟೇ ಬಳಸುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವ ಎಂಎಎಚ್ (ಮಿಲಿಆಂಪಿಯರ್-ಅವರ್) ಸಂಖ್ಯೆಯೊಂದನ್ನೇ ನೋಡಿ ಕೊಂಡುಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಲ್ಯಾಪ್‌ಟಾಪಿಗಾಗಿ ಕೊಳ್ಳುವವರು ವ್ಯಾಟ್-ಅವರ್, ಅಂದರೆ ಒಳಗೆ ಶೇಖರವಾಗುವ ಒಟ್ಟು ಶಕ್ತಿ, ಎಷ್ಟು, 20 ವೋಲ್ಟ್‌ನಲ್ಲಿ ಎಷ್ಟು ವ್ಯಾಟ್ ಸಿಗುತ್ತದೆ ಎಂಬ ಎರಡನ್ನು ನೋಡಬೇಕು.

ಮೊದಲು ಲ್ಯಾಪ್‌ಟಾಪಿನ ಅಗತ್ಯ ತಿಳಿಯಿರಿ

ಅಂಗಡಿಗೆ ಹೋಗುವ ಮುನ್ನ ನಿಮ್ಮ ಲ್ಯಾಪ್‌ಟಾಪಿನ ಚಾರ್ಜರನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಔಟ್‌ಪುಟ್ ಎಂಬ ಸಾಲಿನಲ್ಲಿ 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ, ಎರಡನ್ನೂ ಗುಣಿಸಿದಾಗ 65 ವ್ಯಾಟ್ ಬರುತ್ತದೆ. ಕಚೇರಿ ಕೆಲಸಕ್ಕೆ ಬಳಸುವ ಸಾಮಾನ್ಯ ಲ್ಯಾಪ್‌ಟಾಪ್‌ಗಳ ಚಾರ್ಜರ್ 45 ಅಥವಾ 65 ವ್ಯಾಟ್‌ನದಾಗಿರುತ್ತದೆ. ಗೇಮಿಂಗ್ ಮತ್ತು ವಿಡಿಯೊ ಎಡಿಟಿಂಗ್ ಯಂತ್ರಗಳಿಗೆ 100 ವ್ಯಾಟ್‌ಗೂ ಮೀರಿ ಬೇಕಾಗಬಹುದು. ಇದು ಚಾರ್ಜರ್ ಕೊಡಬಲ್ಲ ಗರಿಷ್ಠ ಪ್ರಮಾಣವೇ ಹೊರತು ಲ್ಯಾಪ್‌ಟಾಪ್ ಸದಾ ಅಷ್ಟನ್ನೇ ಬಳಸುವುದಿಲ್ಲ. ವರ್ಡ್, ಎಕ್ಸೆಲ್, ಮೇಲ್‌ನಂತಹ ಕೆಲಸಕ್ಕೆ ಸುಮಾರು 8ರಿಂದ 15 ವ್ಯಾಟ್ ಸಾಕಾಗುತ್ತದೆ. ವಿಡಿಯೊ ಕಾಲ್ ಇದ್ದರೆ, ಪರದೆಯ ಬೆಳಕು ಹೆಚ್ಚಿಸಿದ್ದರೆ ಖರ್ಚು ಇನ್ನೂ ಏರುತ್ತದೆ.

ಬ್ಯಾಟರಿಯ ಸಾಮರ್ಥ್ಯ ಕಂಪನಿಯ ವಿವರಪಟ್ಟಿಯಲ್ಲಿ ವ್ಯಾಟ್-ಅವರ್ ಲೆಕ್ಕದಲ್ಲಿರುತ್ತದೆ. 40ರಿಂದ 60 ಇರುವುದು ಸಾಮಾನ್ಯ. 50 ವ್ಯಾಟ್-ಅವರ್ ಬ್ಯಾಟರಿಯಿರುವ ಯಂತ್ರ 12 ವ್ಯಾಟ್ ಬಳಸುತ್ತಿದ್ದರೆ ನಾಲ್ಕು ಗಂಟೆಗೆ ತುಸು ಹೆಚ್ಚು ನಡೆಯುತ್ತದೆ. ಎರಡು ಮೂರು ವರ್ಷ ಬಳಸಿದ ಬ್ಯಾಟರಿಯ ಸಾಮರ್ಥ್ಯ ಕುಗ್ಗಿರುವುದರಿಂದ, ಹೊಸದರ ಲೆಕ್ಕವನ್ನು ಹಳೆಯ ಯಂತ್ರಕ್ಕೆ ಹಾಕಬಾರದು.

ಪವರ್ ಬ್ಯಾಂಕಿನ ಹಿಂಬದಿ ಓದುವ ಬಗೆ

20,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕನ್ನೇ ತೆಗೆದುಕೊಳ್ಳೋಣ. ಆ ಸಂಖ್ಯೆ ಒಳಗಿರುವ ಲಿಥಿಯಂ ಸೆಲ್‌ಗಳದ್ದು, ಮತ್ತು ಸೆಲ್‌ನ ವೋಲ್ಟೇಜ್ ಸುಮಾರು 3.7 ಮಾತ್ರ. 20,000 ಎಂಎಎಚ್ ಎಂದರೆ 20 ಆಂಪಿಯರ್-ಅವರ್; ಅದನ್ನು 3.7ರಿಂದ ಗುಣಿಸಿದರೆ 74 ವ್ಯಾಟ್-ಅವರ್ ಆಗುತ್ತದೆ. ಅದೇ ಲೇಬಲ್ ಮೇಲೆ ರೇಟೆಡ್ ಕೆಪಾಸಿಟಿ ಎಂದು ಬೇರೊಂದು ಸಂಖ್ಯೆ, ಉದಾಹರಣೆಗೆ 5 ವೋಲ್ಟ್‌ನಲ್ಲಿ 12,000 ಎಂಎಎಚ್ ಎಂದು ಇರುತ್ತದೆ. ಅದನ್ನು ನೋಡಿ ಮೋಸವಾಯಿತೆಂದು ತಿಳಿಯಬೇಕಾಗಿಲ್ಲ. 12 ಅನ್ನು 5ರಿಂದ ಗುಣಿಸಿದರೆ ಬರುವ 60 ವ್ಯಾಟ್-ಅವರ್, ವೋಲ್ಟೇಜ್ ಏರಿಸುವಾಗ ಶಾಖವಾಗಿ ಕಳೆದುಹೋದದ್ದನ್ನು ಬಿಟ್ಟು ಹೊರಗೆ ಸಿಗುವ ಶಕ್ತಿ. ಲ್ಯಾಪ್‌ಟಾಪಿನ ಒಳಗೂ ಇನ್ನಷ್ಟು ಸೋರಿಕೆಯಿರುತ್ತದೆ. ಹೀಗಾಗಿ ವ್ಯಾಟ್-ಅವರ್ ಸಂಖ್ಯೆಯ ಮುಕ್ಕಾಲು ಭಾಗ ಕೈಗೆ ಸಿಗುತ್ತದೆಂದು ಲೆಕ್ಕ ಹಾಕುವುದು ಕ್ಷೇಮ. 74ರಲ್ಲಿ ಮುಕ್ಕಾಲೆಂದರೆ ಸುಮಾರು 55. 12 ವ್ಯಾಟ್ ಬಳಸುವ ಯಂತ್ರಕ್ಕೆ ಇದು ಇನ್ನೂ ನಾಲ್ಕೂವರೆ ಗಂಟೆಯ ಕೆಲಸ.

ಈಗ ಔಟ್‌ಪುಟ್ ಸಾಲು. 5 ವೋಲ್ಟ್, 9 ವೋಲ್ಟ್, 12 ವೋಲ್ಟ್ ಎಂದು ಮಾತ್ರ ಬರೆದಿದ್ದರೆ ಅದು ಫೋನಿನ ಪವರ್ ಬ್ಯಾಂಕ್. ಎಂಎಎಚ್ ಎಷ್ಟೇ ಇದ್ದರೂ ಲ್ಯಾಪ್‌ಟಾಪಿಗಾಗಿ ಅದನ್ನು ಕೊಳ್ಳಬೇಡಿ. ಟೈಪ್-ಸಿ ಔಟ್‌ಪುಟ್ ಎದುರಿಗೆ 15 ಹಾಗೂ 20 ವೋಲ್ಟ್ ಇರಬೇಕು, ಪಿಡಿ ಅಂದರೆ ಪವರ್ ಡೆಲಿವರಿ ಎಂದು ನಮೂದಾಗಿರಬೇಕು, ಒಟ್ಟು ವ್ಯಾಟ್ ನಿಮ್ಮ ಚಾರ್ಜರಿನ ಹತ್ತಿರಕ್ಕೆ ಬರಬೇಕು. 65 ವ್ಯಾಟ್‌ನ ಯಂತ್ರಕ್ಕೆ 45 ವ್ಯಾಟ್ ಕೊಟ್ಟರೆ ಹೆಚ್ಚಿನವು ನಿಧಾನವಾಗಿ ಚಾರ್ಜ್ ಆಗುತ್ತವೆ, ಆದರೆ ಕೆಲವು ನಿಗದಿತ ವ್ಯಾಟ್‌ಗಿಂತ ಕಡಿಮೆಯಾದರೆ ಚಾರ್ಜರನ್ನು ಒಪ್ಪಿಕೊಳ್ಳುವುದೇ ಇಲ್ಲ. ಎರಡು ಮೂರು ಪೋರ್ಟ್‌ಗಳಿರುವ ಪವರ್ ಬ್ಯಾಂಕುಗಳಲ್ಲಿ ಒಟ್ಟು 65 ವ್ಯಾಟ್ ಎಂದಿರುವುದು ಬಹುತೇಕ ಒಂದೇ ಪೋರ್ಟ್ ಬಳಸಿದಾಗಿನ ಮಾತು. ಪಕ್ಕದಲ್ಲಿ ಫೋನ್ ಸಿಕ್ಕಿಸಿದೊಡನೆ ಲ್ಯಾಪ್‌ಟಾಪಿನ ಪಾಲು ಇಳಿಯಬಹುದು.

ಇದೇ ಲೇಬಲ್ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ನಮ್ಮ ದೇಶದಲ್ಲಿ ಪವರ್ ಬ್ಯಾಂಕಿಗೆ ಈ ನೋಂದಣಿ ಕಡ್ಡಾಯ, ಮತ್ತು ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು ಎಂದು ತಿಳಿಯುತ್ತದೆ. ಸಂಖ್ಯೆಯಿಲ್ಲದ ಅಗ್ಗದ ಮಾಲನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡವೆನ್ನಿ. ಅದು ಬಸ್ಸಿನಲ್ಲಿ ನಿಮ್ಮ ತೊಡೆಯ ಮೇಲಿನ ಚೀಲದಲ್ಲಿ ಇರಬೇಕಾದ ವಸ್ತು.

ಕೇಬಲ್

ಪವರ್ ಬ್ಯಾಂಕ್ ಸರಿಯಿದ್ದೂ ಲ್ಯಾಪ್‌ಟಾಪ್ ಚಾರ್ಜ್ ಆಗದಿದ್ದರೆ ಕೇಬಲ್ ಬದಲಿಸಿ ನೋಡಿ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲೇ ಬೇಕು. ಒಂದು ತುದಿಯಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಫೋನಿನ ಕೇಬಲ್ ಇಲ್ಲಿ ನಡೆಯುವುದಿಲ್ಲ. ಸಾಧಾರಣ ಟೈಪ್-ಸಿ ಕೇಬಲ್ 3 ಆಂಪಿಯರ್‌ವರೆಗೆ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್ ಸಾಗಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕಾಗುತ್ತದೆ. ಅದರ ಮೇಲೆ 100 ಅಥವಾ 240 ವ್ಯಾಟ್ ಎಂದು ಬರೆದಿರುತ್ತದೆ.

ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದು ಚಾರ್ಜ್ ತೆಗೆದುಕೊಳ್ಳುತ್ತದೆ ಎಂದೂ ಅಲ್ಲ. ಕೆಲವು ಕಡಿಮೆ ಬೆಲೆಯ ಮಾದರಿಗಳಲ್ಲಿ ಅದು ಪೆನ್‌ಡ್ರೈವ್, ಮೊಬೈಲ್ ಜೋಡಿಸಲಷ್ಟೇ ಇರುತ್ತದೆ. ಇನ್ನೊಂದು ತೊಡಕೆಂದರೆ, ಜೋಡಿಸಿದ ಮೇಲೆ ವಿದ್ಯುತ್ ತಿರುಗಿ ಹರಿದು, ಲ್ಯಾಪ್‌ಟಾಪೇ ಪವರ್ ಬ್ಯಾಂಕನ್ನು ಚಾರ್ಜ್ ಮಾಡತೊಡಗುವುದು. ಪರದೆಯ ಮೂಲೆಯಲ್ಲಿ ಪ್ಲಗ್ ಗುರುತು ಬಂದಿದೆಯೇ, ಬ್ಯಾಟರಿ ಪ್ರಮಾಣ ಏರುತ್ತಿದೆಯೇ ಎಂದು ಐದು ನಿಮಿಷ ಗಮನಿಸಿ. ತಿರುಗಿ ಹರಿಯುತ್ತಿದ್ದರೆ ಕೇಬಲ್ ಕಿತ್ತು, ಪವರ್ ಬ್ಯಾಂಕಿನ ಗುಂಡಿ ಒತ್ತಿ, ಮತ್ತೆ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಗುಂಡನೆಯ ಪಿನ್ನಿನ ಹಳೆಯ ಲ್ಯಾಪ್‌ಟಾಪ್

ಟೈಪ್-ಸಿ ಇಲ್ಲದ ಯಂತ್ರಗಳನ್ನು ಬಿಸಾಡಬೇಕಾಗಿಲ್ಲ. ಇವು ಹೆಚ್ಚಾಗಿ 19 ಅಥವಾ 19.5 ವೋಲ್ಟ್ ಬಯಸುತ್ತವೆ, ಮತ್ತು ಪಿಡಿ ಪವರ್ ಬ್ಯಾಂಕಿನಿಂದ 20 ವೋಲ್ಟ್ ಕೇಳಿ ಪಡೆದು ಗುಂಡನೆಯ ಪಿನ್ನಿಗೆ ಕೊಡುವ ಕೇಬಲ್‌ಗಳು ಸಿಗುತ್ತವೆ. ಪಿನ್ನಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ನಿಮ್ಮ ಮಾದರಿಯ ಹೆಸರು ಹೇಳಿಯೇ ಕೊಳ್ಳಬೇಕು. ಡೆಲ್ ಮತ್ತು ಎಚ್‌ಪಿ ಪಿನ್ನಿನ ನಡುವೆ ಸೂಜಿಯಂತಹ ತಂತಿಯಿರುತ್ತದೆ. ಚಾರ್ಜರ್ ತಮ್ಮದೇ ಎಂದು ಯಂತ್ರ ಗುರುತಿಸುವುದು ಅದರಿಂದ. ಆ ಗುರುತು ಸಿಗದಿದ್ದರೆ ಯಂತ್ರ ಚಾಲೂ ಆದರೂ ಬ್ಯಾಟರಿ ಚಾರ್ಜ್ ಆಗದಿರಬಹುದು, ವೇಗವೂ ಕುಗ್ಗಬಹುದು.

ಗೋಡೆಯ ಸಾಕೆಟ್‌ನಂತೆ 230 ವೋಲ್ಟ್ ಕೊಡುವ ದೊಡ್ಡ ಪವರ್ ಬ್ಯಾಂಕುಗಳೂ ಇವೆ. ಅವುಗಳಲ್ಲಿ ಡಿಸಿಯನ್ನು ಎಸಿ ಮಾಡಿ, ಲ್ಯಾಪ್‌ಟಾಪಿನ ಚಾರ್ಜರಿನಲ್ಲಿ ಮತ್ತೆ ಡಿಸಿ ಮಾಡುವುದರಿಂದ ಎರಡೆರಡು ಸಲ ನಷ್ಟವಾಗುತ್ತದೆ, ತೂಕವೂ ಹೆಚ್ಚು. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಇವನ್ನು ಆರಿಸಿ.

ಯಾವಾಗ ಜೋಡಿಸಬೇಕು

ಹೆಚ್ಚಿನವರು ಬ್ಯಾಟರಿ 10 ಪ್ರತಿಶತಕ್ಕೆ ಇಳಿದು ಕೆಂಪು ಗುರುತು ಬಂದಾಗ ಪವರ್ ಬ್ಯಾಂಕ್ ಹೊರತೆಗೆಯುತ್ತಾರೆ. ನಾನು ಹೇಳುವುದು ಇದಕ್ಕೆ ವಿರುದ್ಧವಾದ ಕ್ರಮ: ಕೆಲಸ ಆರಂಭಿಸಿದಾಗಲೇ, ಬ್ಯಾಟರಿ ತುಂಬಿರುವಾಗಲೇ ಜೋಡಿಸಿ. ಖಾಲಿ ಬ್ಯಾಟರಿ ಸಿಕ್ಕರೆ ಲ್ಯಾಪ್‌ಟಾಪ್ ಒಂದೇ ಸಮನೆ 45, 60 ವ್ಯಾಟ್ ಎಳೆಯುತ್ತದೆ, ಪವರ್ ಬ್ಯಾಂಕೂ ಯಂತ್ರವೂ ಕಾಯುತ್ತವೆ, ಆ ಶಾಖವೆಲ್ಲ ನಷ್ಟವೇ. ಬ್ಯಾಟರಿ ತುಂಬಿದ್ದಾಗ ಹೊರಗಿನ ವಿದ್ಯುತ್ತು ನೇರವಾಗಿ ಯಂತ್ರವನ್ನು ನಡೆಸುತ್ತದೆ, ಮೊದಲು ಬ್ಯಾಟರಿಗೆ ತುಂಬಿ ಆಮೇಲೆ ಅದರಿಂದ ತೆಗೆಯುವ ಸೋರಿಕೆ ತಪ್ಪುತ್ತದೆ. ಪವರ್ ಬ್ಯಾಂಕ್ ಬರಿದಾದ ಮೇಲೆ ಒಳಗಿನ ಬ್ಯಾಟರಿ ಪೂರ್ತಿ ನಿಮ್ಮ ಕೈಯಲ್ಲೇ ಉಳಿದಿರುತ್ತದೆ, ಆಗ ಕೇಬಲ್ ಜೋತಾಡಿಸಿಕೊಳ್ಳದೆ ಎಲ್ಲಿ ಬೇಕಾದರೂ ಕೂತು ಕೆಲಸ ಮುಗಿಸಬಹುದು.

ಜೊತೆಗೆ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಬ್ಯಾಟರಿ ಸೇವರ್ ಹಾಕಿ. ಬಸ್ಸು ಬದಲಿಸುವಾಗ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕುವ ಬದಲು ಹೈಬರ್ನೇಟ್ ಮಾಡಿ, ಅಂದರೆ ತೆರೆದ ಕೆಲಸವನ್ನು ಉಳಿಸಿಕೊಂಡು ಯಂತ್ರ ಪೂರ್ತಿ ಆರುವಂತೆ ಮಾಡಿ. ಸ್ಲೀಪ್‌ನಲ್ಲಿದ್ದ ಯಂತ್ರ ಚೀಲದೊಳಗೇ ಎಚ್ಚೆತ್ತು ಕಾದು, ಬ್ಯಾಟರಿ ಬರಿದುಮಾಡಿಕೊಳ್ಳುವುದುಂಟು.

ಬಸ್ಸು, ರೈಲು, ಕಾರು, ವಿಮಾನ

ಕೆಲವು ಬಸ್ಸುಗಳ ಆಸನದ ಬಳಿ ಇರುವ ಯುಎಸ್‌ಬಿ ಪೋರ್ಟ್ ಫೋನಿಗಷ್ಟೇ ಸಾಕು. ರೈಲಿನ ಸಾಕೆಟ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಹಾಕಬಹುದಾದರೂ, ಬೆಂಕಿ ಅನಾಹುತದ ಭಯದಿಂದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಸಾಕೆಟ್‌ಗಳಿಗೆ ವಿದ್ಯುತ್ ನಿಲ್ಲಿಸುವ ಪದ್ಧತಿಯಿದೆ. ರಾತ್ರಿ ರೈಲಿಗೆ ಹೋಗುವವರು ಪವರ್ ಬ್ಯಾಂಕನ್ನು ಮನೆಯಲ್ಲೇ ತುಂಬಿಸಿಕೊಳ್ಳಬೇಕು. ಇದಕ್ಕೆ ಲ್ಯಾಪ್‌ಟಾಪಿನದೇ ಟೈಪ್-ಸಿ ಚಾರ್ಜರ್ ಬಳಸಿ. ವೇಗದ ಇನ್‌ಪುಟ್ ಇರುವ 20,000 ಎಂಎಎಚ್ ಪವರ್ ಬ್ಯಾಂಕ್ ಎರಡು ಗಂಟೆಯ ಆಸುಪಾಸಿನಲ್ಲಿ ತುಂಬುತ್ತದೆ, ಹಳೆಯ 10 ವ್ಯಾಟ್ ಫೋನ್ ಚಾರ್ಜರಿನಲ್ಲಿ ಇಡೀ ರಾತ್ರಿಯೂ ಸಾಲದಿರಬಹುದು. ಕಾರಿನಲ್ಲಿ ಹೋಗುವವರು 12 ವೋಲ್ಟ್ ಸಾಕೆಟ್‌ಗೆ ಹಾಕುವ 65 ವ್ಯಾಟ್ ಪಿಡಿ ಚಾರ್ಜರ್ ಇಟ್ಟುಕೊಂಡರೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವಷ್ಟರಲ್ಲೇ ಸಾಕಷ್ಟು ತುಂಬಿರುತ್ತದೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆಯಿಂದ ದೇವನಹಳ್ಳಿಗೆ ಬಂದು ವಿಮಾನ ಹತ್ತುವವರು ಒಂದು ಮಿತಿಯನ್ನು ನೆನಪಿಡಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ವಿಮಾನ ಕಂಪನಿಯ ಅನುಮತಿ ಬೇಡ, 100ರಿಂದ 160ರವರೆಗೆ ಅನುಮತಿ ಬೇಕು, ಅದಕ್ಕೂ ಮೀರಿದ್ದು ನಿಷಿದ್ಧ. 40,000 ಎಂಎಎಚ್‌ನದು 148 ವ್ಯಾಟ್-ಅವರ್ ಆಗುವುದರಿಂದ, ಅದೊಂದರ ಬದಲು 20,000ದ ಎರಡನ್ನು ಇಟ್ಟುಕೊಳ್ಳುವುದು ಲೇಸು. ಲೇಬಲ್ ಅಳಿಸಿಹೋಗಿದ್ದರೆ ಭದ್ರತಾ ತಪಾಸಣೆಯಲ್ಲಿ ತಡೆದುಬಿಡಬಹುದು. ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆಯ ನಿಯಮಗಳು ಬಿಗಿಯಾಗುತ್ತಿವೆ; ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಬಳಕೆಯನ್ನು ಪೂರ್ತಿ ನಿಲ್ಲಿಸಿದೆ. ಆದ್ದರಿಂದ ವಿಮಾನದಲ್ಲಿ ಒಳಗಿನ ಬ್ಯಾಟರಿಯನ್ನೇ ನಂಬಿ, ಪವರ್ ಬ್ಯಾಂಕನ್ನು ನಿಲ್ದಾಣದಲ್ಲಿ ಕಾಯುವ ಹೊತ್ತಿಗೆ ಬಳಸಿ.

ಬಿಸಿಲು ಮತ್ತು ಜೋಪಾನ

ಲಿಥಿಯಂ ಬ್ಯಾಟರಿಗೆ ಶಾಖದಷ್ಟು ಹಾನಿ ಮಾಡುವುದು ಬೇರೊಂದಿಲ್ಲ, ಪಾವಗಡದ ಏಪ್ರಿಲ್ ಬಿಸಿಲಿನಲ್ಲಂತೂ ಈ ಎಚ್ಚರ ಅತ್ಯಗತ್ಯ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪವರ್ ಬ್ಯಾಂಕ್ ಬಿಡಬೇಡಿ. ಚಾರ್ಜ್ ಆಗುತ್ತಿರುವಾಗ ಅದನ್ನು ಬಟ್ಟೆಗಳ ನಡುವೆ ಹುದುಗಿಸದೆ ಗಾಳಿಯಾಡುವಂತೆ ಇಡಿ, ಮುಟ್ಟಲಾಗದಷ್ಟು ಬಿಸಿಯಾದರೆ ಕೂಡಲೇ ಕೇಬಲ್ ತೆಗೆಯಿರಿ. ವಾರಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ಚಾರ್ಜ್ ಉಳಿಸಿ ತಂಪಾದ ಕಡೆ ಇಟ್ಟು, ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ.

ಮೇಜಿನ ಮೇಲಿಟ್ಟಾಗ ಪವರ್ ಬ್ಯಾಂಕ್ ಸಮವಾಗಿ ಕೂರದೆ ಅಲುಗಾಡಿದರೆ, ಅಂಚಿನ ಕೂಡುಗೆರೆ ಬಿಟ್ಟುಕೊಂಡಿದ್ದರೆ, ಒಳಗಿನ ಸೆಲ್ ಉಬ್ಬಿದೆ ಎಂದರ್ಥ. ಅದನ್ನು ಮತ್ತೆ ಚಾರ್ಜ್ ಮಾಡಬಾರದು, ಚುಚ್ಚಬಾರದು, ಪುರಸಭೆಯ ಕಸದ ಗಾಡಿಗೂ ಹಾಕಬಾರದು; ಒತ್ತಡ ಬಿದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಕಂಪನಿಯ ಸರ್ವಿಸ್ ಸೆಂಟರಿಗೆ ಅಥವಾ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಅದನ್ನು ಒಪ್ಪಿಸಿ, ಅಲ್ಲಿಯವರೆಗೆ ಮನೆಯ ಹೊರಗೆ, ನೆರಳಿನಲ್ಲಿ, ಸುತ್ತ ಹೊತ್ತಿಕೊಳ್ಳುವ ವಸ್ತುಗಳಿಲ್ಲದ ಕಡೆ ಇಡಿ.