ಹಳೆ ಮಿಲ್ಲಿನ ಜಾಗದಲ್ಲಿ ಬಡವರ ಮನೆ: ಮೊದಲು ಮಣ್ಣು ಸರಿ ಮಾಡುವುದು ಹೇಗೆ?

ದಾವಣಗೆರೆಯಲ್ಲಿ ಒಂದು ಕಾಲಕ್ಕೆ ಮಿಲ್ಲಿನ ಸೈರನ್ ಕೇಳಿ ಮನೆಯ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುವ ಹೆಸರು ಬಂದಿದ್ದೂ ಆ ಹತ್ತಿ ಮಿಲ್ಲುಗಳಿಂದಲೇ. ಸೈರನ್ ನಿಂತು ಎಷ್ಟೋ ವರ್ಷಗಳಾದವು. ಆಗ ಊರಾಚೆ ಇದ್ದ ಜಾಗಗಳು ಈಗ ಊರ ನಡುವೆ ಬಂದಿವೆ. ಬಸ್ಸು, ನೀರಿನ ಪೈಪು, ಶಾಲೆ ಎಲ್ಲವೂ ಹತ್ತಿರ. ಮನೆ ಇಲ್ಲದವರಿಗೆ ಹತ್ತು ಕಿಲೋಮೀಟರ್ ಆಚೆ ಮನೆ ಕೊಟ್ಟರೆ ಅರ್ಧ ಕೂಲಿ ಆಟೊಕ್ಕೇ ಹೋಗುತ್ತದೆ. ಹಾಗಾಗಿ ಇಂಥ ಜಾಗದಲ್ಲಿ ಮನೆ ಕಟ್ಟುವ ಯೋಚನೆ ಒಳ್ಳೆಯದೇ. ತೊಂದರೆ ಇರುವುದು ನೆಲದ ಕೆಳಗೆ.

ನಮ್ಮ ಸಂಬಂಧಿಕರೊಬ್ಬರು ಸೈಟು ಎತ್ತರಿಸಲು ಬಿಟ್ಟಿ ಮಣ್ಣು ಸಿಕ್ಕಿತು ಅಂತ ಹತ್ತು ಟಿಪ್ಪರ್ ಹಾಕಿಸಿದ್ದರು. ಯಾವುದೋ ಹಳೆ ಶೆಡ್ ಒಡೆದ ಮಣ್ಣು. ಮನೆಯೇನೋ ಆಯಿತು. ಆದರೆ ಹಿತ್ತಲಲ್ಲಿ ಕರಿಬೇವು ಏಳಲಿಲ್ಲ, ಮಳೆ ಬಂದರೆ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಹಾಗೆ ಎಣ್ಣೆ ತೇಲುತ್ತಿತ್ತು. ಅವರದು ಒಂದು ಸೈಟಿನ ಕಥೆ. ನೂರಾರು ಮನೆ ಎದ್ದ ಮೇಲೆ ಇದು ಗೊತ್ತಾದರೆ?

ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ ಆಗಿದ್ದು ಅದೇ. ಸುಮಾರು 21,000 ಟನ್ ರಾಸಾಯನಿಕ ಕಸ ಹೂತ ಜಾಗವನ್ನು 1953ರಲ್ಲಿ ಅಲ್ಲಿನ ಶಾಲಾ ಮಂಡಳಿಗೆ ಒಂದೇ ಒಂದು ಡಾಲರ್‌ಗೆ ಕೊಟ್ಟರು. ಶಾಲೆ ಬಂತು, ಸುತ್ತ ಮನೆಗಳು ಬಂದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. ಅಗ್ಗದ ಜಾಗ ಅಂದಾಗ ನನಗೆ ಆ ಒಂದು ಡಾಲರ್ ನೆನಪಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಪಾಲಿಕೆಯವರಾಗಲಿ, ಬಿಲ್ಡರ್ ಆಗಲಿ, ಮನೆಗಾಗಿ ಕಟ್ಟಿಕೊಂಡ ಸಂಘವಾಗಲಿ, ದಾರಿ ಒಂದೇ.

ಮೊದಲ ಹೆಜ್ಜೆ: ಜಾಗದ ಜಾತಕ ತೆಗೆಯಿರಿ

ಜೆಸಿಬಿ ಕರೆಸುವ ಮುಂಚೆ ಮಿಲ್ಲಿನಲ್ಲಿ ದುಡಿದ ಹಿರಿಯರನ್ನು ಹುಡುಕಿ. ಈ ಹೆಜ್ಜೆಗೆ ಖರ್ಚು ಕಡಿಮೆ, ಉಳಿತಾಯ ಜಾಸ್ತಿ. ಆದರೂ ಜನ ಬಿಟ್ಟುಬಿಡುವುದು ಇದನ್ನೇ.

ಕಾಗದಪತ್ರ ಖಂಡಿತ ಬೇಕು. ಹಳೆ ನಕ್ಷೆ, ಖಾತೆ, ಪಹಣಿ, ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಒಪ್ಪಿಗೆ ಪತ್ರ ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಆದರೆ ಜಲಮಾಲಿನ್ಯ ಕಾಯ್ದೆ ಬಂದಿದ್ದೇ 1974ರಲ್ಲಿ. ಅದಕ್ಕೂ ಮುಂಚೆ ಏನನ್ನು ಎಲ್ಲಿ ಸುರಿದರು ಅನ್ನುವುದು ಮಂಡಳಿಯ ಫೈಲಿನಲ್ಲಿ ಸಿಗುವುದಿಲ್ಲ. ಅದು ಇರುವುದು ಜನರ ತಲೆಯಲ್ಲಿ. ಟೀ ಅಂಗಡಿ ಮುಂದೆ ಕುಳಿತ ಹಿರಿಯರೊಬ್ಬರನ್ನು ಕೇಳಿ ನೋಡಿ: “ಬಾಯ್ಲರ್ ಬೂದಿನೆಲ್ಲ ಹಿಂದಿನ ತಗ್ಗಿಗೆ ಸುರೀತಿದ್ವಿ ತಮ್ಮಾ, ಈಗ ಅಲ್ಲೇ ಹುಡುಗ್ರು ಕ್ರಿಕೆಟ್ ಆಡ್ತಾರೆ” ಅನ್ನುತ್ತಾರೆ. ಆ ಒಂದು ಮಾತು ಎಷ್ಟೋ ಬೋರ್ ಹೊಡೆಯುವ ಖರ್ಚು ಉಳಿಸುತ್ತದೆ.

ಅವರನ್ನು ಕೇಳಬೇಕಾದ್ದು ಇಷ್ಟು. ಬಾಯ್ಲರ್ ಎಲ್ಲಿತ್ತು? ಫರ್ನೇಸ್ ಎಣ್ಣೆಯ ಟ್ಯಾಂಕು ನೆಲದ ಮೇಲಿತ್ತೋ ಒಳಗಿತ್ತೋ? ಬಣ್ಣ ಹಾಕುವ ಕೆಲಸ ಇತ್ತಾ, ಬರೀ ನೂಲು ತೆಗೆಯುತ್ತಿದ್ದರಾ? ಬರೀ ನೂಲಿನ ಮಿಲ್ಲಾದರೆ ಮಣ್ಣು ಅಷ್ಟೇನೂ ಕೆಟ್ಟಿರುವುದಿಲ್ಲ. ಬಣ್ಣದ ವಿಭಾಗ ಇದ್ದರೆ ಕ್ರೋಮಿಯಂ, ತಾಮ್ರದಂಥ ಲೋಹಗಳನ್ನು ಹುಡುಕಬೇಕು. ಟ್ರಾನ್ಸ್‌ಫಾರ್ಮರ್ ಇದ್ದ ಕಟ್ಟೆಯ ಸುತ್ತ ಹಳೆ ಎಣ್ಣೆ ಸೋರಿರಬಹುದು. ಅದರಲ್ಲಿ ಪಿಸಿಬಿ ಎಂಬ, ಸುಲಭಕ್ಕೆ ಕರಗಿ ಹೋಗದ ರಾಸಾಯನಿಕ ಇರುವ ಸಂಭವ ಉಂಟು. ಬಾಯ್ಲರ್ ಪೈಪಿಗೆ ಸುತ್ತಿದ್ದ ಬಿಳಿ ಪಟ್ಟಿ, ಮೇಲಿನ ಸಿಮೆಂಟ್ ಶೀಟು ಇವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಜಾಸ್ತಿ.

ಮಿಲ್ಲಿನ ಬದಲು ಮಂಡಕ್ಕಿ ಹುರಿಯುವ ಭಟ್ಟಿಗಳಿದ್ದ ಜಾಗವಾದರೆ ಕಥೆ ಬೇರೆ. ಅಲ್ಲಿ ಹಳೆ ಟೈರು, ರಬ್ಬರ್ ತುಂಡು ಉರಿಸಿದ ಮಸಿ ಗೋಡೆ, ಸೂರು, ಅಂಗಳ ಎಲ್ಲ ಕಡೆ ಕೂತಿರುತ್ತದೆ. ಟೈರಿನ ಬೂದಿಯಲ್ಲಿ ಸತು ಜಾಸ್ತಿ, ಮಸಿಯಲ್ಲಿ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳು ಇರುತ್ತವೆ. ಆದರೆ ಈ ವಿಷ ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ಆಳಕ್ಕೆ ಇಳಿಯುವುದು ಕಡಿಮೆ.

ಎರಡನೇ ಹೆಜ್ಜೆ: ಮಾದರಿ ತೆಗೆಯುವುದು

ನಾಲ್ಕು ಮೂಲೆಯಿಂದ ಒಂದೊಂದು ಹಿಡಿ ಮಣ್ಣು ತಂದು ಕಲೆಸಿ ಲ್ಯಾಬಿಗೆ ಕೊಡುವುದು ಹೊಲದ ಗೊಬ್ಬರದ ಲೆಕ್ಕಕ್ಕೆ ಸರಿ. ಇಲ್ಲಿ ಹಾಗೆ ಮಾಡಿದರೆ ಒಂದು ಕಡೆಯ ವಿಷ ಮೂರು ಕಡೆಯ ಒಳ್ಳೆ ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಜಾಗವನ್ನು ಚೌಕ ಚೌಕವಾಗಿ ಭಾಗ ಮಾಡಿ, ಅನುಮಾನ ಇರುವ ಕಡೆ ಚೌಕ ಚಿಕ್ಕದು ಮಾಡಿ. ಪ್ರತಿ ಚೌಕದಲ್ಲೂ ಮೇಲಿನ ಅರ್ಧ ಅಡಿ, ಆಮೇಲೆ ಎರಡು ಅಡಿ, ನಾಲ್ಕು ಅಡಿ ಆಳದ ಮಣ್ಣು ಬೇರೆ ಬೇರೆ ತೆಗೆಯಬೇಕು. ಎಣ್ಣೆ, ಪೆಟ್ರೋಲ್ ಅನುಮಾನ ಇದ್ದರೆ ಗಾಜಿನ ಬಾಟಲಿಗೆ ಒತ್ತಿ ತುಂಬಿ, ಬಿಗಿಯಾಗಿ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿ ಸಾಗಿಸಬೇಕು. ಬಿಸಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಹುಡುಕಬೇಕಾದ್ದು ಆವಿಯಾಗಿ ಹೋಗಿ ರಿಪೋರ್ಟ್ ಚೆನ್ನಾಗಿ ಬರುತ್ತದೆ. ಅಂಥ ರಿಪೋರ್ಟಿನಿಂದ ಏನು ಉಪಯೋಗ? ಲೋಹಗಳಿಗಾದರೆ ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ಸ್ಥಳದಲ್ಲೇ ಅಂದಾಜು ಕೊಡುತ್ತದೆ. ಖಚಿತ ಲೆಕ್ಕಕ್ಕೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬೇ ಬೇಕು.

ನಮ್ಮ ಕಡೆಯ ಎರೆಮಣ್ಣಿನ ಬಗ್ಗೆ ಒಂದು ಎಚ್ಚರಿಕೆ. ಹಸಿಯಿದ್ದಾಗ ಎರೆ ಅಂಟಾಗಿ ನೀರನ್ನು ಕೆಳಗೆ ಬಿಡುವುದಿಲ್ಲ, ಲೋಹಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದು ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದಲ್ವಾ? ಸುರಿದ ಎಣ್ಣೆ ಆ ಬಿರುಕಿನಲ್ಲಿ ನೇರ ಕೆಳಗಿಳಿಯುತ್ತದೆ. ಮೇಲಿನ ಮಣ್ಣು ಶುದ್ಧ ಇದೆ ಅಂತ ಅಲ್ಲಿಗೇ ಬಿಡಬೇಡಿ.

ಇನ್ನೊಂದು, ಹೋಲಿಕೆಗೆ ಅಂತ ಮಿಲ್ಲಿನ ಸಂಬಂಧವೇ ಇಲ್ಲದ ಜಾಗದಿಂದಲೂ ಮಣ್ಣು, ನೀರು ತೆಗೆಯಬೇಕು. ದಾವಣಗೆರೆ, ಚಿತ್ರದುರ್ಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರುವುದು ಬಂಡೆಯ ಗುಣದಿಂದ, ಮಿಲ್ಲಿನಿಂದ ಅಲ್ಲ. ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು. ಆ ಕಡೆಯ ಮಣ್ಣಿನಲ್ಲಿ ತಾಮ್ರ ಕಂಡರೆ ಕಾರ್ಖಾನೆಯ ಮೇಲೆ ಗೂಬೆ ಕೂರಿಸುವ ಮುಂಚೆ ಎರಡು ಸಲ ನೋಡಬೇಕು. ನೀರಿನ ಮಾದರಿಯನ್ನು ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಒಮ್ಮೆ ತೆಗೆಯಿರಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ದಾಟಬಾರದು.

ಮೂರನೇ ಹೆಜ್ಜೆ: ಎಷ್ಟು ಶುದ್ಧವಾದರೆ ಸಾಕು?

ನಿಜವಾದ ಜಗಳ ಶುರುವಾಗುವುದು ಇಲ್ಲಿ. ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಮಣ್ಣಿನಲ್ಲಿ ಕಿಲೋಗೆ 20 ಮಿಲಿಗ್ರಾಂ ಪಾದರಸ ಉಳಿಯಬಹುದು ಅನ್ನುವ ಮಿತಿಯ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಗೋಡೌನಿಗೆ ಸಾಕಾಗುವ ಶುದ್ಧಿ, ಮಗು ಮಣ್ಣಾಡುವ ಅಂಗಳಕ್ಕೆ ಸಾಲದು. ಸೀಸದ ಧೂಳು ಬೆರಳಿನಿಂದ ಬಾಯಿಗೆ ಹೋಗಿ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಕೆನಡಾದಲ್ಲಿ ವಸತಿ ಜಾಗದ ಮಣ್ಣಿಗೆ ಸೀಸದ ಮಾರ್ಗಸೂಚಿ ಕಿಲೋಗೆ 140 ಮಿಲಿಗ್ರಾಂ. ಬಡವರ ಮನೆಗಳಿಗೆ ಅಂತ ಈ ಮಿತಿಯನ್ನು ಸಡಿಲ ಮಾಡುವ ಮಾತು ಯಾರಾದರೂ ಎತ್ತಿದರೆ ಸುಮ್ನೆ ಕೂರಬೇಡಿ. ಚಿಕ್ಕ ಮನೆಯ ಮಕ್ಕಳೇ ಹೊರಗೆ ಮಣ್ಣಿನಲ್ಲಿ ಜಾಸ್ತಿ ಆಡುವುದು.

ಲೆಕ್ಕ ಹಾಕುವಾಗ ಮೂರು ವಿಷಯ ನೋಡುತ್ತಾರೆ. ವಿಷ ಎಲ್ಲಿದೆ, ಮನುಷ್ಯರ ತನಕ ಯಾವ ದಾರಿಯಲ್ಲಿ ಬರುತ್ತದೆ, ಬಂದರೆ ಯಾರಿಗೆ ತಾಗುತ್ತದೆ. ದಾರಿ ಕಡಿದರೂ ಅಪಾಯ ಇಳಿಯುತ್ತದೆ. ಹಾಗಾಗಿ ಎಲ್ಲವನ್ನೂ ಅಗೆಯಲೇಬೇಕು ಅಂತಿಲ್ಲ.

ನಾಲ್ಕನೇ ಹೆಜ್ಜೆ: ಯಾರಿಗೆ ಹೇಳಬೇಕು, ಯಾರು ದುಡ್ಡು ಕೊಡಬೇಕು

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಹೊಸ ನಿಯಮ ತಂದಿದೆ. ಅದರ ಪ್ರಕಾರ ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ ಮುಗಿಸಬೇಕು. ಆಮೇಲೆ ವಿವರವಾದ ಸಮೀಕ್ಷೆಗೆ ಇನ್ನೂ ಮೂರು ತಿಂಗಳು. ಕೆಡಿಸಿದವರು ಸಿಕ್ಕರೆ ಖರ್ಚು ಅವರದೇ, ಸಿಗದಿದ್ದರೆ ಸರ್ಕಾರದ್ದು. ಊರಿನ ಕಸದ ರಾಶಿಗೆ ಬೇರೆ ನಿಯಮ ಇದೆ, ಅದನ್ನು ಇದಕ್ಕೆ ಬೆರೆಸಬೇಡಿ. ಮಾಸ್ಟರ್ ಪ್ಲಾನಿನಲ್ಲಿ ಕೈಗಾರಿಕೆ ಅಂತ ಇರುವ ಜಾಗವನ್ನು ವಸತಿಗೆ ಬದಲಿಸಲು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ದೂಡಾಗೆ ಅರ್ಜಿ ಹಾಕಬೇಕು. ಒಟ್ಟು ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿಯೂ ಬೇಕು.

ಪ್ರಧಾನಮಂತ್ರಿ ಆವಾಸ್ ಯೋಜನೆಯಂಥವುಗಳ ಸಹಾಯಧನ ಬರುವುದು ಮನೆ ಲೆಕ್ಕದಲ್ಲಿ, ಮಣ್ಣಿನ ಲೆಕ್ಕದಲ್ಲಿ ಅಲ್ಲ. ಆದ್ದರಿಂದ ಶುದ್ಧ ಮಾಡುವ ಖರ್ಚನ್ನು ಜಾಗದ ಬೆಲೆಯಲ್ಲೇ ಮುರಿದುಕೊಳ್ಳಬೇಕು. ಪಕ್ಕದ ಒಳ್ಳೆ ಜಾಗದ ಬೆಲೆ ಹಾಕಿ, ಅದರಲ್ಲಿ ಶುದ್ಧಿಯ ಖರ್ಚು ಕಳೆದು ಉಳಿದದ್ದನ್ನಷ್ಟೇ ಮಾಲೀಕರಿಗೆ ಕೊಡುವುದು. ಮೊದಲು ಪೂರ್ತಿ ಬೆಲೆ ಕೊಟ್ಟು ಆಮೇಲೆ ಲ್ಯಾಬ್ ರಿಪೋರ್ಟ್ ತೆಗೆದರೆ ಆ ಭಾರ ಕೊನೆಗೆ ಬೀಳುವುದು ಮನೆ ಪಡೆಯುವವರ ಕಂತಿನ ಮೇಲೆ.

ಐದನೇ ಹೆಜ್ಜೆ: ಶುದ್ಧ ಮಾಡುವುದು

ಮೊದಲು ಒಂದು ಸಣ್ಣ ಲೆಕ್ಕ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಅದರಲ್ಲಿ ಒಂದೇ ಅಡಿ ಅಗೆದರೆ ಸುಮಾರು 50 ಟನ್ ಮಣ್ಣು. ಎಕರೆಗೆ 2,000 ಟನ್. 16 ಟನ್ನಿನ ಟಿಪ್ಪರಿನಲ್ಲಿ 125 ಲೋಡು. ಅಪಾಯಕಾರಿ ಅಂತ ತೀರ್ಮಾನವಾದ ಮಣ್ಣನ್ನು ಎಲ್ಲೆಂದರಲ್ಲಿ ಸುರಿಯುವ ಹಾಗಿಲ್ಲ. ಅದಕ್ಕೆಂದೇ ಇರುವ ವಿಲೇವಾರಿ ಘಟಕಕ್ಕೆ ಹೋಗಬೇಕು. ದಾಬಸ್‌ಪೇಟೆಯಲ್ಲಿ ಅಂಥದೊಂದು ಇದೆ, ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ. ಇಡೀ ಮಿಲ್ಲಿನ ಜಾಗ ಅಗೆದು ಸಾಗಿಸುತ್ತೇನೆ ಅನ್ನುವುದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ತೀರಾ ಕೆಟ್ಟ ಕೆಲವು ಗುಂಟೆಗಳನ್ನು ಮಾತ್ರ ಕಳಿಸಿ, ಉಳಿದದ್ದಕ್ಕೆ ಅಲ್ಲೇ ಮದ್ದು ಮಾಡಬೇಕು.

ಎಣ್ಣೆ ಕುಡಿದ ಮಣ್ಣಿಗೆ ಮದ್ದು ಬ್ಯಾಕ್ಟೀರಿಯ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಮಣ್ಣನ್ನು ರಾಶಿ ಮಾಡಿ, ಕಾಂಪೋಸ್ಟ್, ಭತ್ತದ ಹುಲ್ಲಿನ ಚೂರು ಬೆರೆಸಿ, ತೇವ ಇಟ್ಟು ಆಗಾಗ ಮಗುಚಿ ಹಾಕುತ್ತಾರೆ. ತಿಂಗಳುಗಟ್ಟಲೆ ಸಮಯ ಬೇಕು, ಆದರೆ ಖರ್ಚು ಕಡಿಮೆ. ಹುಲ್ಲಿಗಂತೂ ಭದ್ರಾ ಕಾಲುವೆಯ ಸೀಮೆಯಲ್ಲಿ ಬರ ಇಲ್ಲ. “ಹಂಗಾದ್ರೆ ಎಲ್ಲದಕ್ಕೂ ಜೀವಾಮೃತ ಹಾಕಿದ್ರೆ ಆಯ್ತಲ್ರೀ” ಅಂತ ಒಬ್ಬ ರೈತ ಮಿತ್ರರು ಕೇಳಿದರು. ಆಗುವುದಿಲ್ಲ. ಬ್ಯಾಕ್ಟೀರಿಯ ಎಣ್ಣೆ ತಿನ್ನುತ್ತದೆ, ಸೀಸ ತಿಂದು ಮುಗಿಸುವುದಿಲ್ಲ. ಲೋಹ ಇರುವ ಮಣ್ಣಿಗೆ ಸಿಮೆಂಟ್, ಸುಣ್ಣ ಅಥವಾ ಫಾಸ್ಫೇಟ್ ಬೆರೆಸಿ ಅಲ್ಲೇ ಕಟ್ಟಿಹಾಕುತ್ತಾರೆ. ಯಾವುದನ್ನು ಯಾವುದಕ್ಕೆ ಅನ್ನುವುದು ಲ್ಯಾಬಿನಲ್ಲಿ ಪ್ರಯೋಗ ಮಾಡಿ ತೀರ್ಮಾನ ಆಗಬೇಕು. ಸೂರ್ಯಕಾಂತಿ, ಸಾಸಿವೆ ಬೆಳೆದು ಲೋಹ ಹೀರಿಸುವ ಉಪಾಯ ಕೇಳಲು ಚೆಂದ. ಮನೆಗಾಗಿ ಕಾಯುವವರಿಗೆ ಅಷ್ಟು ವರ್ಷ ಎಲ್ಲಿದೆ?

ಕಲ್ನಾರು ಶೀಟನ್ನು ಒಡೆಯಬಾರದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು. ಹಳೆ ಸಾಮಾನಿನವರ ಕೈಗೆ ಕೊಟ್ಟರೆ ಅದು ಇನ್ನೊಂದು ಬಡವರ ಮನೆಯ ಸೂರಾಗುತ್ತದೆ.

ಎರೆಮಣ್ಣಿನ ಊರಿಗೆ ಇಲ್ಲೊಂದು ಲಾಭ ಇದೆ. ಎರೆ ಉಬ್ಬಿ ಕುಗ್ಗುವುದರಿಂದ ಹೇಗೂ ಪಾಯಕ್ಕೆ ಅಂತ ಮೇಲಿನ ಮಣ್ಣು ತೆಗೆದು ಗರಸು ತುಂಬುವ ರೂಢಿ ಇದೆ. ಪಾಯದ ಅಗೆತ, ಶುದ್ಧಿಯ ಅಗೆತ ಎರಡನ್ನೂ ಒಂದೇ ನಕ್ಷೆಯಲ್ಲಿ ಕೂರಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಆದರೆ ತೆಗೆದ ಮಣ್ಣು ರಿಪೋರ್ಟ್ ಬರುವ ತನಕ ಗೇಟು ದಾಟಬಾರದು. ನಮ್ಮ ಸಂಬಂಧಿಕರ ಸೈಟಿಗೆ ಬಂದಿದ್ದು ಇಂಥ ಮಣ್ಣೇ. ಪ್ರತಿ ಟಿಪ್ಪರಿಗೂ ಚೀಟಿ ಬೇಕು, ಎಲ್ಲಿಂದ ಹೊರಟಿತು, ಎಲ್ಲಿ ಇಳಿಯಿತು ಎಂದು. ಅಗೆಯಲು ಡಿಸೆಂಬರಿನಿಂದ ಫೆಬ್ರವರಿ ಒಳ್ಳೆ ಕಾಲ. ಮಳೆಗಾಲದಲ್ಲಿ ಎರೆಗೆ ಟಿಪ್ಪರ್ ಹೂತುಹೋಗುತ್ತದೆ, ಆಷಾಢದ ಗಾಳಿಗೆ ಧೂಳು ಪಕ್ಕದ ಓಣಿಗೆ ನುಗ್ಗುತ್ತದೆ. ಯಾವ ತಿಂಗಳಾದರೂ ನೀರು ಚಿಮುಕಿಸುವುದು, ಟಿಪ್ಪರಿಗೆ ತಾಡಪತ್ರಿ ಕಟ್ಟುವುದು ತಪ್ಪಬಾರದು.

ಆರನೇ ಹೆಜ್ಜೆ: ಮತ್ತೆ ಪರೀಕ್ಷೆ, ಆಮೇಲೆ ಮನೆ

ಶುದ್ಧ ಮಾಡಿದವರೇ ಶುದ್ಧ ಆಯಿತು ಅಂತ ಸರ್ಟಿಫಿಕೇಟ್ ಬರೆದುಕೊಳ್ಳುವಂತಿರಬಾರದು. ಗುಂಡಿಯ ತಳ, ಪಕ್ಕದ ಗೋಡೆ ಎರಡೂ ಕಡೆಯಿಂದ ಬೇರೆಯವರು ಮಾದರಿ ತೆಗೆಯಬೇಕು. ಮಿತಿಯೊಳಗೆ ಬಂದರೆ ಮಾತ್ರ ಗುಂಡಿ ಮುಚ್ಚುವುದು.

ಕಟ್ಟಿಹಾಕಿದ ಮಣ್ಣು ಉಳಿಯುವ ಕಡೆ ಮನೆ ಬೇಡ, ರಸ್ತೆ ಅಥವಾ ಪಾರ್ಕಿಂಗ್ ಬರಲಿ. ಅಲ್ಲಿ ಕಿತ್ತಳೆ ಬಣ್ಣದ ಬಲೆ ಹಾಸಿ, ಮೇಲೆ ಎರಡು ಅಡಿ ಒಳ್ಳೆ ಮಣ್ಣು ಹಾಕುತ್ತಾರೆ. ಮುಂದೆ ಯಾರಾದರೂ ಅಗೆದರೆ ಬಲೆ ಕಂಡು ಕೈ ನಿಲ್ಲಿಸಲಿ ಅಂತ. ಎಣ್ಣೆಯ ಆವಿಯ ಅನುಮಾನ ಉಳಿದರೆ ನೆಲಮಹಡಿಯಲ್ಲಿ ಮನೆ ಮಾಡದೆ ಕಂಬದ ಮೇಲೆ ಎತ್ತಿ, ಕೆಳಗೆ ಬೈಕು ನಿಲ್ಲಿಸಲು ಬಿಡುವುದು ವಾಸಿ. ಗಾಳಿಯೂ ಆಡುತ್ತದೆ.

ಬಲೆ ಎಲ್ಲೆಲ್ಲಿದೆ ಅನ್ನುವ ನಕ್ಷೆಯ ಒಂದೊಂದು ಪ್ರತಿ ಪ್ರತಿ ಮನೆಯ ಹಕ್ಕುಪತ್ರದ ಜೊತೆ ಹೋಗಬೇಕು, ಕನ್ನಡದಲ್ಲೇ. ಆ ಭಾಗದಲ್ಲಿ ಬೋರ್‌ವೆಲ್ ಕೊರೆಯುವಂತಿಲ್ಲ ಎಂದೂ ಅದರಲ್ಲಿ ಬರೆದಿರಲಿ. ಅಂತರ್ಜಲದ ಪರೀಕ್ಷೆ ವರ್ಷಕ್ಕೆ ಎರಡು ಸಲವಾದರೂ ಮುಂದುವರಿಯಬೇಕು, ಫಲಿತಾಂಶ ಸಂಘದ ಬೋರ್ಡಿನ ಮೇಲೆ ಅಂಟಿಸಬೇಕು. ನುಗ್ಗೆ, ತೆಂಗು ಹಾಕುವ ಆಸೆ ಇದ್ದವರಿಗೆ ಬಲೆ ಇಲ್ಲದ ಜಾಗ ಗುರುತಿಸಿ ಕೊಡಿ, ಅವುಗಳ ಬೇರಿಗೆ ಎರಡು ಅಡಿ ಸಾಲುವುದಿಲ್ಲ. ಮೆಂತ್ಯ, ಕೊತ್ತಂಬರಿ ಸಾಕು ಅನ್ನುವವರು ಮಹಡಿ ಮೇಲೆ ಕುಂಡದಲ್ಲೇ ಬೆಳೆದುಕೊಳ್ಳಬಹುದು.